ಮಂಗಫ್‌ನ ನೀರಿನ ತೊಟ್ಟಿ

ಮೆಕ್ಸಿಕೋದಲ್ಲಿ ಮಾಯಾ ಜನರ ಹಾಳುಗುಡಿಗಳನ್ನು ನೋಡಿ ಈಜಲೆಂದು ಗುಹೆಗೆ ಇಳಿದರೆ, ನೆನೆದ ಸುಣ್ಣದ ವಾಸನೆಗೆ ನನ್ನ ಕಾಲು ಮೆಟ್ಟಿಲಲ್ಲೇ ನಿಂತುಬಿಡುತ್ತದೆ.

ತೊಂಬತ್ತರ ಆಗಸ್ಟಿನಲ್ಲಿ ನಾವು ಕುವೈತಿನ ಮಂಗಫ್‌ನಲ್ಲಿದ್ದೆವು. ಒಂದು ಮಧ್ಯಾಹ್ನ ಇರಾಕಿ ಸೈನಿಕರು ನಮ್ಮ ಬೀದಿಗೆ ಬಂದಾಗ, ಅಪ್ಪ ಅಕ್ಕನನ್ನೂ ನನ್ನನ್ನೂ ಕಟ್ಟಡದ ಕೆಳಗಿನ ನೀರಿನ ತೊಟ್ಟಿಗೆ ಇಳಿಸಿದ.

"ಉಸಿರು ಸಣ್ಣಗ ಬಿಡ್ರಿ, ಅಳಬ್ಯಾಡ್ರಿ," ಎಂದು ಮುಚ್ಚಳ ಎಳೆದ.

ನೀರು ನನ್ನ ಗದ್ದಕ್ಕೆ ಬರುತ್ತಿತ್ತು. ಗೋಡೆ ಲೋಳೆಲೋಳೆ, ಸುತ್ತ ನೆನೆದ ಸುಣ್ಣದ ವಾಸನೆ. ಅಕ್ಕ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಳು. ಮೇಲೆ ಬೂಟುಗಳ ಸದ್ದು, ಕೂಗಾಟ, ಆಮೇಲೆ ಲಾರಿ ಹೊರಟ ಸದ್ದು ಕೇಳಿಸಿತು.

ಬಹಳ ಹೊತ್ತಾದ ಮೇಲೆ ಮುಚ್ಚಳ ತೆಗೆದವಳು ಅವ್ವ. ಅಂಗಳದಲ್ಲಿ ಅಪ್ಪನ ಒಂಟಿ ಚಪ್ಪಲಿ ಬಿದ್ದಿತ್ತು.

"ಅಪ್ಪ ಎಲ್ಲಿ?" ಎಂದಳು ಅಕ್ಕ.

ಅವ್ವ ಸೆರಗಿನಿಂದ ನನ್ನ ತಲೆ ಒರೆಸತೊಡಗಿದಳು. ಕೂದಲು ಪೂರಾ ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.