ಬರೀ ಡ್ರಮ್ಮು

ನಿಜವಾಗಿ ನೋಯುತ್ತಿರುವವರ ಸದ್ದು ಮಾತ್ರ ಟೇಪಿನಲ್ಲಿ ಉಳಿಯತೊಡಗಿದ ಮೇಲೆ ಹುಬ್ಬಳ್ಳಿಯ ಮದುವೆ ಬ್ಯಾಂಡಿನವರು ರೆಕಾರ್ಡಿಂಗ್ ಬಿಟ್ಟರು. ನೋವನ್ನೇ ಅರಚಿ ಹಾಡುವ ಪಂಕ್ ರಾಕ್‌ನವರಿಗೆ ಸುಗ್ಗಿ.

ಪಂಕ್ ಹಾಡುಗಾರ್ತಿ ಮಂದಾಕಿನಿಯ ಹೊಸ ಆಲ್ಬಮ್ಮಿನ ಹಾಡುಗಳೆಲ್ಲ ಮುರಿಗೆಪ್ಪನ ಮೇಲೆ. ಅವನು ಅವಳ ಮೊದಲ ಪ್ರೇಮಿ, ಬೈಕಿನಿಂದ ಬಿದ್ದು ಸತ್ತವನು. ಗಂಡ ವಿರೂಪಾಕ್ಷ ಅವಕ್ಕೆ ಡ್ರಮ್ ಬಾರಿಸುತ್ತಿದ್ದ. ಸ್ಟುಡಿಯೋದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಸತ್ತವನ ಗಿಟಾರ್ ಕೂತಿರುತ್ತಿತ್ತು. ಪ್ರತಿ ಹಾಡಿಗೂ ಮೊದಲು ಅದಕ್ಕೆ ಊದಿನಕಡ್ಡಿ. ಸತ್ತವನಿಗೆ ಹೊಟ್ಟೆ ಬರುವುದಿಲ್ಲ, ಗ್ಯಾಸ್ ಬುಕ್ ಮಾಡಲು ಮರೆಯುವುದಿಲ್ಲ. ಅಂಥವನೆದುರು ಯಾವ ಗಂಡ ಗೆದ್ದಾನು?

"ನನ್ ಮ್ಯಾಲೂ ಒಂದ್ ಹಾಡ್ ಬರಿ," ಎಂದ ವಿರೂಪಾಕ್ಷ.

"ನಿನ್ ಮ್ಯಾಲೆ ಬರದ್ರ ಟೇಪಿನಾಗ ಏನ್ ಉಳೀತೈತಿ? ಸುಖಾ ಕೊಟ್ಟೀಯಲ್ಲ," ಎಂದಳು.

ಅವನಿಗೆ ಅದು ಹೊಗಳಿಕೆಯಂತೆ ಕೇಳಿಸಲಿಲ್ಲ.

ಕೊನೆಯ ಹಾಡಿಗೆ ಮಂದಾಕಿನಿ ಗಂಟಲು ಹರಿಯುವಂತೆ ಅರಚಿದಳು. ವಿರೂಪಾಕ್ಷ ಮುರಿಗೆಪ್ಪನ ನೆತ್ತಿಯೇ ಸಿಕ್ಕಿದೆ ಎಂಬಂತೆ ಬಾರಿಸಿದ. ರೆಕಾರ್ಡಿಸ್ಟ್ ದಾವಲಸಾಬ ಟೇಪು ತಿರುಗಿಸಿ ಕೇಳಿಸಿದ. ಮೊದಲಿನಿಂದ ಕೊನೆಯವರೆಗೆ ಬರೀ ಡ್ರಮ್ಮು.

"ಅಕ್ಕಾರ, ನಿಮ್ಮ ದನಿ ಒಂಚೂರೂ ಬಂದಿಲ್ರಿ."

ಮಂದಾಕಿನಿ ಅತ್ತಾಳೆಂದು ಇಬ್ಬರೂ ಕಾದರು, ಅಳು ಬರಲಿಲ್ಲ. ಆಮೇಲೆ ಗಿಟಾರನ್ನು ಕುರ್ಚಿಯಿಂದ ಎತ್ತಿ ಗೋಡೆಗೆ ಆನಿಸಿ, ಗಂಡನಿಗೆ ಹೇಳಿದಳು: "ಬಾ, ಕೂಡು."

"ಮತ್ತ ತೊಗೊಳ್ಳೋಣೇನ್ರಿ?" ಎಂದ ದಾವಲಸಾಬ.

"ಬ್ಯಾಡ. ಹಿಂಗ ಇರಲಿ."

"ಹಾಡಿಗೆ ಹೆಸರು?"

"ವಿರೂಪಾಕ್ಷ."

ವಿರೂಪಾಕ್ಷ ಕುರ್ಚಿಯಲ್ಲಿ ಆರಾಮಾಗಿ ಒರಗಿ ದಾವಲಸಾಬನನ್ನು ಮೆಲ್ಲಗೆ ಕೇಳಿದ: "ಮುರಿಗೆಪ್ಪನ ಹಾಡುಗಳಿಗಿಂತಾ ಇದು ಉದ್ದ ಐತಿಲ್ಲೋ?"