ಕೈಗುಣ

ಮೊದಲ ಚೀಟಿಯಲ್ಲಿ ಕವನಾಳ ಹೆಸರು ಬಂತು. ಮಾದಾಪುರದ ಶಾಲೆಯ ಹಾಲ್‌ನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಕಿಟಕಿಗಳಿಗೆಲ್ಲ ಕಾಫಿ ಚೀಲ ಕಟ್ಟಿ ನಡುಮಧ್ಯಾಹ್ನವನ್ನೇ ಕತ್ತಲು ಮಾಡಿದ್ದರು. ವೇದಿಕೆಯ ಮೇಲೆ ಎಂಟು ಹುಡುಗಿಯರು. ಯಾರ ಚೀಟಿ ಬರುತ್ತದೋ ಅವಳ ಮೇಲೆ ಬೆಳಕು. ಅವಳು ಕುಣಿಯಬೇಕು, ಉಳಿದವರು ಕತ್ತಲಲ್ಲಿ ಅಲುಗಾಡದೆ ನಿಲ್ಲಬೇಕು. ಎತ್ತಿದ ಚೀಟಿ ಮತ್ತೆ ಬುಟ್ಟಿಗೇ. ಮುಂದೇನು ಅನ್ನುವುದು ಯಾರಿಗೂ ಗೊತ್ತಿಲ್ಲ, ಅದೇ ಈ ನೃತ್ಯದ ಸೊಗಸು ಎಂದು ಡಾನ್ಸ್ ಟೀಚರ್ ಉಷಾರಾಣಿ ಮೈಕಿನಲ್ಲಿ ಹೇಳಿದ್ದಳು.

ಅವಳಿಗೆ ಮಾತ್ರ ಗೊತ್ತಿತ್ತು. ಹಿಂದಿನ ವಾರ ಅಭ್ಯಾಸ ನೋಡಲು ಬಂದಿದ್ದ ಶಾಲಾ ಸಮಿತಿಯ ಅಧ್ಯಕ್ಷ ಮೊಣ್ಣಪ್ಪನವರು, ಮೊಮ್ಮಗಳು ಕವನಾಳ ಚೀಟಿ ಒಮ್ಮೆಯೂ ಬಾರದ್ದನ್ನು ಕಂಡು, ಹೋಗುವಾಗ ಹೇಳಿದ್ದರು.

"ಅದೃಷ್ಟದ ವಿಷಯಕ್ಕೆ ನಾನು ಕೈ ಹಾಕೋನಲ್ಲ ಟೀಚರ್. ನೀವೇ ನೋಡ್ಕೊಳ್ಳಿ."

ಉಷಾರಾಣಿಯದು ವರ್ಷ ವರ್ಷವೂ ಅಧ್ಯಕ್ಷರ ಸಹಿ ಬೀಳಬೇಕಾದ ಕೆಲಸ. ನೋಡಿಕೊಂಡಳು. ಮೊದಲ ಬುಟ್ಟಿಯ ಚೀಟಿಗಳಲ್ಲೆಲ್ಲ ಕವನಾಳ ಹೆಸರೇ. ಚೀಟಿ ಎತ್ತುವ ಅಧ್ಯಕ್ಷರು ಒಂದು ಎತ್ತಿದ ಕೂಡಲೇ ಅದನ್ನು ಒಳಗೊಯ್ದು, ಎಂಟು ಹೆಸರಿನ ನಿಜವಾದ ಬುಟ್ಟಿ ತಂದಿಡುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಆದರೆ ಮೊಣ್ಣಪ್ಪ ಬುಟ್ಟಿ ಬಿಡಲಿಲ್ಲ. "ಇರಲಿ ಟೀಚರ್, ಇವತ್ತು ನನ್ನ ಕೈಗುಣ ಚೆನ್ನಾಗಿದೆ" ಎಂದು ಅದನ್ನು ಎದೆಗವಚಿಕೊಂಡು ಎರಡನೆಯ ಸಲ ಎತ್ತಿದರು. ಕವನಾ. ಮೂರನೆಯ ಸಲವೂ ಕವನಾ. ಅವರ ಕಣ್ಣು ತುಂಬಿ ಬಂತು. ತಾವೇ ಹೇಳಿ ಮಾಡಿಸಿದ್ದು ಆ ಹೊತ್ತಿಗೆ ಮರೆತೇಹೋಗಿತ್ತು. ದೊಡ್ಡವರ ಮರೆವು ಯಾವತ್ತೂ ಸಮಯಕ್ಕೆ ಸರಿಯಾಗಿ ಬರುತ್ತದೆ.

ಐದನೆಯ ಚೀಟಿ ಬಿಚ್ಚುವ ಮೊದಲೇ ಮುಂದಿನ ಸಾಲಿನವರು ನಗುತ್ತಾ ಹೆಸರು ಹೇಳಿದರು. ಆರನೆಯದಕ್ಕೆ ಕವನಾ ಕಾಲು ಸೋತು ಬೆಳಕಿನ ನಡುವೆಯೇ ಕೂತುಬಿಟ್ಟಳು. ಉಳಿದ ಏಳು ಮಂದಿ, ಕಲಿಸಿದಂತೆಯೇ, ಕತ್ತಲಲ್ಲಿ ಕೈಯೆತ್ತಿ ನಿಂತೇ ಇದ್ದರು. ಉಷಾರಾಣಿಗೆ ಅವರತ್ತ ನೋಡಲು ನಾಚಿಕೆಯಾಯಿತು. ಮೈಕು ಪಕ್ಕದಲ್ಲೇ ಇತ್ತು, ಒಂದು ಮಾತು ಸಾಕಿತ್ತು. ಆಡಲಿಲ್ಲ.

ವೇದಿಕೆ ಇಳಿದ ಮೊಣ್ಣಪ್ಪ ಮುಂದಿನ ವರ್ಷವೂ ನೀವೇ ಇರಬೇಕು ಎಂದರು. "ಸುಮ್ನೆ ನಿಮಗೆ ತೊಂದ್ರೆ ಕೊಟ್ಟೆ ನೋಡಿ. ಅದೃಷ್ಟ ಇದ್ದೋರಿಗೆ ಯಾರ ಸಹಾಯಾನೂ ಬೇಡ."

ಬಾಗಿಲಲ್ಲಿ ಕಾಳಮ್ಮ ಕಾಯುತ್ತಿದ್ದಳು. ಮೊಣ್ಣಪ್ಪನವರ ತೋಟದಲ್ಲೇ ಕಾಫಿ ಕೊಯ್ಯುವವಳು. ಮಗಳು ರಂಜಿತಾಳ ಕುಣಿತ ನೋಡಬೇಕೆಂದು ಪಿಕ್ಕಿಂಗ್ ಬಿಟ್ಟು ಬಂದಿದ್ದಳು. ಕತ್ತಲಲ್ಲಿ ಮಗಳು ಎಲ್ಲಿ ನಿಂತಿದ್ದಳೆಂಬುದೂ ಅವಳಿಗೆ ಕಂಡಿರಲಿಲ್ಲ. ಉಷಾರಾಣಿ ಏನಾದರೂ ಸಮಾಧಾನ ಹೇಳೋಣವೆಂದು ಹತ್ತಿರ ಹೋದರೆ, ಅವಳೇ ಟೀಚರ ಕೈ ಹಿಡಿದುಕೊಂಡಳು.

"ನಮ್ ಹುಡ್ಗಿ ಹೆಸ್ರೂ ಚೀಟೀಲಿ ಬರ್ದಿದ್ರಲ್ಲ ಮಿಸ್, ಅಷ್ಟೇ ಸಾಕು. ಹಣೇಲಿ ಬರ್ದಿಲ್ಲ ಅಂದ್ರೆ ನೀವೇನ್ ಮಾಡಕಾಯ್ತದೆ?"