ಅತ್ತೆಯ ಕರೆ

ಈ ವರ್ಷವಾದರೂ ಬೈಬಲನ್ನು ಪೂರ್ತಿ ಓದಿ ಮುಗಿಸಬೇಕೆಂದು ಜಯಶೀಲಾ ದಿನವೂ ಬೆಳಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಕೂತ ಕೂಡಲೇ ಹಜಾರದ ಮಂಚದಿಂದ ಕಣ್ಣು ಕಾಣದ ಅತ್ತೆ ಕರೆಯುತ್ತಿದ್ದರು. ಕಾಫಿಯೋ ನೀರೋ ಬೇಕಿರುತ್ತದೆ, ಕಾಯಲಿ ಎಂದು ಅವಳು ಓಗೊಡುತ್ತಿರಲಿಲ್ಲ.

ಒಂದು ದಿನ ಕರೆ ನಿಲ್ಲಲೇ ಇಲ್ಲ. ಜಯಶೀಲಾ ದಡಾರನೆ ಬಾಗಿಲು ತೆರೆದಳು.

"ದೇವರ ಹತ್ರ ಅರ್ಧ ಗಂಟೆ ಕೂರೋಕೂ ಬಿಡಲ್ವಲ್ಲ ಅತ್ತೆ, ನೀವು!"

ಕೂಗಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅತ್ತೆಯ ಮುಖ ನೋಡಲಾಗದೆ ನೀರಿನ ಲೋಟ ತಂದು ಅವರ ಕೈಗಿಟ್ಟಳು.

ಅತ್ತೆ ಕುಡಿಯಲಿಲ್ಲ.

"ನೀರು ಬೇಡಮ್ಮ. ಕಣ್ಣು ಹೋದಮೇಲೆ ನಂಗೆ ದೇವರ ವಾಕ್ಯ ಓದೋಕಾಗ್ತಿಲ್ಲ. ನನಗೂ ಕೇಳೋ ಹಾಗೆ ಸ್ವಲ್ಪ ಜೋರಾಗಿ ಓದು ಅಂತ ಹೇಳೋಕೆ ದಿನಾ ಕರೀತಿದ್ದೆ."